ಹಳೆಯ ಜೀಪಿನ ಮುಂದಿನ ಚಕ್ರಗಳ ನಡುಕ: ಕಾರಣ, ದುರಸ್ತಿ ಮತ್ತು ಸ್ಟೀರಿಂಗ್ ಸುಧಾರಣೆ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟವನ್ನು ಏರುವ ರಸ್ತೆಯು ಅಲ್ಲಿಂದ ಮುಂದೆ ಪಾಲಾರ್‌ಗೆ ಇಳಿದು ತಮಿಳುನಾಡಿನ ಮೆಟ್ಟೂರಿನ ಕಡೆಗೆ ಸಾಗುತ್ತದೆ. ಪಾಲಾರ್ ಎಂಬುದು ಊರಿನ ಹೆಸರೂ ಹೌದು, ಎರಡು ರಾಜ್ಯಗಳ ಗಡಿಯಲ್ಲಿ ಹರಿದು ಕಾವೇರಿಯನ್ನು ಸೇರುವ ಹೊಳೆಯ ಹೆಸರೂ ಹೌದು. ಕೋಲಾರದ ಕಡೆ ಹರಿಯುವ ಪಾಲಾರ್ ನದಿ ಬೇರೆ. ಈ ದಾರಿಯಲ್ಲಿ ಏರು, ಇಳಿಜಾರು, ಹಿಮ್ಮುರಿ ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಬೆಟ್ಟದ ಒಳಗಿನ ಊರುಗಳಿಗೆ ಹೋಗುವ ಕವಲು ದಾರಿಗಳಲ್ಲಿ ಕಲ್ಲು, ಕೊರಕಲು ಮತ್ತು ಹಳ್ಳಗಳು ಸಾಮಾನ್ಯ. ಇಂತಹ ಕಡೆಗಳಲ್ಲಿ ಗೊಬ್ಬರ, ಬಿತ್ತನೆ ಬೀಜ, ಮೇವು ಮತ್ತು ಫಸಲನ್ನು ಸಾಗಿಸಲು ಹಳೆಯ ಜೀಪು ಇಂದಿಗೂ ಉಪಯುಕ್ತ ವಾಹನವಾಗಿದೆ.

ಜೀಪು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ರೂಪುಗೊಂಡ ವಾಹನ. 1947ರಿಂದೀಚೆಗೆ ಮಹೀಂದ್ರ ಕಂಪನಿಯವರು ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ತೊಡಗಿ, ಮುಂದೆ ಇಲ್ಲಿಯೇ ತಯಾರಿಸಿದರು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯ ವಂಶವು ನಮ್ಮ ದೇಶದಲ್ಲಿ ಬಹುಕಾಲ ಬಾಳಿತು. ಗಟ್ಟಿ ಆಕ್ಸಲ್, ಸ್ಪ್ರಿಂಗ್ ಪಟ್ಟಿ ಮತ್ತು ಸರಳ ಯಂತ್ರಭಾಗಗಳಿಂದ ಕೂಡಿದ ಈ ವಾಹನವನ್ನು ಹಳ್ಳಿಯ ಮೆಕ್ಯಾನಿಕರೂ ಬಿಚ್ಚಿ ಜೋಡಿಸಬಲ್ಲರು. ಆದರೆ ವಯಸ್ಸಾದ ಜೀಪುಗಳಲ್ಲಿ ಒಂದು ದೋಷ ಪದೇ ಪದೇ ಕಂಡುಬರುತ್ತದೆ. ಅದೇ ಮುಂದಿನ ಚಕ್ರಗಳ ನಡುಕ. ಮೆಕ್ಯಾನಿಕರು ಇದನ್ನು 'ವಾಬ್ಲಿಂಗ್' ಎನ್ನುತ್ತಾರೆ.

ಈ ನಡುಕ ಕಂಡ ಕೂಡಲೇ ಸ್ಟೀರಿಂಗ್ ಬಾಕ್ಸನ್ನು ಬಿಗಿ ಮಾಡಿಸುವುದು, ಇಲ್ಲವೆ ಹಣ ಖರ್ಚು ಮಾಡಿ ಪವರ್ ಸ್ಟೀರಿಂಗ್ ಹಾಕಿಸುವುದು ಹಲವರ ರೂಢಿ. ಎರಡೂ ಸರಿಯಾದ ಕ್ರಮವಲ್ಲ. ನಡುಕವು ಬಹುಪಾಲು ಹುಟ್ಟುವುದು ಚಕ್ರ ಮತ್ತು ಕೀಲುಗಳಲ್ಲಿ; ಸ್ಟೀರಿಂಗ್ ಬಾಕ್ಸಿನಲ್ಲಿ ಅಲ್ಲ. ಆದ್ದರಿಂದ ಪರೀಕ್ಷೆಯನ್ನು ನೆಲದಿಂದ ಆರಂಭಿಸಿ ಮೇಲಕ್ಕೆ ಸಾಗಬೇಕು. ಟೈರು ಮೊದಲು, ಸ್ಟೀರಿಂಗ್ ಬಾಕ್ಸು ಕೊನೆಗೆ. ಸುಧಾರಣೆಯ ಮಾತು ಅದರ ನಂತರದ್ದು.

ಸ್ಟೀರಿಂಗಿನ ರಚನೆ

ಚಾಲಕನ ಕೈಯಲ್ಲಿರುವ ಸ್ಟೀರಿಂಗ್ ಚಕ್ರದ ತಿರುಗು ನೇರವಾಗಿ ರಸ್ತೆಯ ಚಕ್ರಕ್ಕೆ ತಲುಪುವುದಿಲ್ಲ. ಅದು ಮೊದಲು ಸ್ಟೀರಿಂಗ್ ಬಾಕ್ಸಿಗೆ ಬರುತ್ತದೆ. ಬಾಕ್ಸಿನಿಂದ ಹೊರಟ ಪಿಟ್‌ಮನ್ ಆರ್ಮ್ ಎಂಬ ತೋಳು ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ಹಿಂದೆ ಮುಂದೆ ತಳ್ಳುತ್ತದೆ. ಹಳೆಯ ಮಾದರಿಯ ಜೀಪುಗಳಲ್ಲಿ ಈ ಸರಳು ಮುಂಭಾಗದ ನಡುವೆ ಇರುವ ಬೆಲ್ ಕ್ರ್ಯಾಂಕ್ ಎಂಬ ತುಂಡನ್ನು ತಿರುಗಿಸುತ್ತದೆ. ಅದರಿಂದ ಎರಡು ಟೈ ರಾಡ್‌ಗಳು ಎಡ ಬಲ ಚಕ್ರಗಳಿಗೆ ಹೋಗುತ್ತವೆ. ನಂತರದ ಕೆಲವು ಮಾದರಿಗಳಲ್ಲಿ ಬೆಲ್ ಕ್ರ್ಯಾಂಕ್ ಇಲ್ಲ. ಎರಡು ಚಕ್ರಗಳನ್ನೂ ಒಂದೇ ಉದ್ದದ ಟೈ ರಾಡ್ ಜೋಡಿಸುತ್ತದೆ. ಚಕ್ರವು ಕಿಂಗ್ ಪಿನ್ ಎಂಬ ಅಚ್ಚಿನ ಮೇಲೆ, ಬಾಗಿಲು ತನ್ನ ತಿರುಗಣಿಯ ಮೇಲೆ ತಿರುಗುವಂತೆ, ಎಡಕ್ಕೂ ಬಲಕ್ಕೂ ತಿರುಗುತ್ತದೆ.

ಹೀಗೆ ಕೈಯಿಂದ ಟೈರಿನವರೆಗೆ ಹಲವು ಕೀಲುಗಳಿವೆ. ಒಂದೊಂದರಲ್ಲಿಯೂ ಸವೆತ ಸ್ವಲ್ಪವೇ ಇರಬಹುದು. ಆದರೆ ಅವೆಲ್ಲ ಕೂಡಿ ಚಕ್ರಕ್ಕೆ ತಲುಪುತ್ತವೆ. ಉದಾಹರಣೆಗೆ, ನಾಲ್ಕು ಕೀಲುಗಳಲ್ಲಿ ತಲಾ ಮುಕ್ಕಾಲು ಮಿ.ಮೀ. ಸಡಿಲ ಇದೆ ಎಂದಿಟ್ಟುಕೊಳ್ಳೋಣ. ಒಟ್ಟು 3 ಮಿ.ಮೀ. ಆಯಿತು. ಚಕ್ರವನ್ನು ತಿರುಗಿಸುವ ತೋಳಿನ ಉದ್ದ 150 ಮಿ.ಮೀ., ಟೈರಿನ ತ್ರಿಜ್ಯ 350 ಮಿ.ಮೀ. ಇದ್ದರೆ, ಟೈರಿನ ಮುಂದಿನ ಅಂಚು ಸುಮಾರು 7 ಮಿ.ಮೀ. ತನ್ನಷ್ಟಕ್ಕೆ ಅತ್ತಿತ್ತ ಅಲುಗಾಡಬಹುದು. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಚಕ್ರಗಳ ಟೋ ಇನ್, ಅಂದರೆ ಎರಡು ಚಕ್ರಗಳ ಮುಂಭಾಗ ಒಳಮುಖವಾಗಿರಬೇಕಾದ ಪ್ರಮಾಣ, 1.2ರಿಂದ 2.4 ಮಿ.ಮೀ. ಮಾತ್ರ. 7 ಮಿ.ಮೀ. ಅಲುಗುವ ಚಕ್ರಕ್ಕೆ 2 ಮಿ.ಮೀ. ಲೆಕ್ಕದಲ್ಲಿ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವೇನು? ಕೀಲುಗಳ ಸಡಿಲವನ್ನು ತೆಗೆಯದೆ ಅಲೈನ್‌ಮೆಂಟಿಗೆ ಕೊಟ್ಟ ಹಣ ವ್ಯರ್ಥವಾಗುವುದು ಈ ಕಾರಣದಿಂದಲೇ.

ನಡುಕ ಹುಟ್ಟುವ ಬಗೆ

ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿಕೊಂಡಿರುವುದನ್ನು ಎಲ್ಲರೂ ನೋಡಿರುತ್ತಾರೆ. ಈ ವಾಲಿಕೆಯಿಂದಾಗಿ ಚಕ್ರವು ತಾನಾಗಿ ನೇರಕ್ಕೆ ಬರಲು ಯತ್ನಿಸುತ್ತದೆ. ಜೀಪಿನ ಕಿಂಗ್ ಪಿನ್ನಿಗೂ ಇಂತಹ ವಾಲಿಕೆಯಿದೆ. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಹಳೆಯ ವಿಲ್ಲೀಸ್ ಜೀಪುಗಳಿಗೆ ಇದು 3 ಡಿಗ್ರಿ. ಗುಂಡಿಗೆ ಬಿದ್ದು ಪಕ್ಕಕ್ಕೆ ತಿರುಗಿದ ಚಕ್ರವು ನೇರಕ್ಕೆ ಮರಳುವಾಗ, ಉಯ್ಯಾಲೆಯು ನಡುವೆ ನಿಲ್ಲದೆ ಆಚೆ ಬದಿಗೆ ಹೋಗುವಂತೆ, ನೇರದ ಗೆರೆಯನ್ನು ದಾಟಿ ಆಚೆಗೆ ಹೋಗುತ್ತದೆ. ಕೀಲುಗಳು ಬಿಗಿಯಾಗಿದ್ದರೆ ಅವುಗಳ ಘರ್ಷಣೆಯು ಈ ತೂಗಾಟವನ್ನು ಒಂದೆರಡು ಸಲದಲ್ಲಿಯೇ ನಿಲ್ಲಿಸುತ್ತದೆ. ಕೀಲುಗಳು ಸವೆದಿದ್ದರೆ ತಡೆಯುವುದು ಯಾವುದೂ ಇಲ್ಲ. ತೂಗಾಟ ಬೆಳೆಯುತ್ತದೆ.

ಇದರ ಜೊತೆಗೆ ಮತ್ತೊಂದು ಕಾರಣವಿದೆ. ವೇಗವಾಗಿ ತಿರುಗುವ ಬುಗುರಿಯನ್ನು ಒಂದು ಬದಿಗೆ ವಾಲಿಸಿದರೆ ಅದು ಆ ಬದಿಗೆ ಬೀಳುವುದಿಲ್ಲ. ಅದರ ತಲೆ ಸುತ್ತು ಹಾಕುತ್ತದೆ. ತಿರುಗುವ ಚಕ್ರದ ಗುಣವೂ ಇದೇ. ಜೀಪಿನ ಎರಡು ಮುಂದಿನ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿಗೆ ಸೇರಿರುವುದರಿಂದ ಒಂದು ಚಕ್ರ ಕಲ್ಲನ್ನು ಹತ್ತಿದರೆ ಎರಡೂ ವಾಲುತ್ತವೆ. ವಾಲಿದ ಚಕ್ರಗಳು ಕಿಂಗ್ ಪಿನ್ನಿನ ಸುತ್ತ ತಿರುಗಲು ಯತ್ನಿಸುತ್ತವೆ. ಟೈ ರಾಡ್ ಅವೆರಡನ್ನೂ ಒಟ್ಟಿಗೆ ಕುಣಿಸುತ್ತದೆ. ಒಂದು ಸಣ್ಣ ಗುಂಡಿಯಿಂದ ಆರಂಭವಾದ ನಡುಕವು ವಾಹನ ಬಹುಮಟ್ಟಿಗೆ ನಿಲ್ಲುವವರೆಗೂ ಬಿಡದಿರುವುದು ಇದರಿಂದಲೇ.

ಲಕ್ಷಣದಿಂದ ಕಾರಣವನ್ನು ಗುರುತಿಸುವುದು

ಎಲ್ಲ ನಡುಕವೂ ಒಂದೇ ಅಲ್ಲ. ದುರಸ್ತಿಗೆ ಕೈ ಹಾಕುವ ಮೊದಲು ಕೆಳಗಿನಂತೆ ಬೇರ್ಪಡಿಸಿಕೊಳ್ಳಬೇಕು.

1. ಒಂದು ನಿಶ್ಚಿತ ವೇಗದಲ್ಲಿ ಸಣ್ಣಗೆ ಆರಂಭವಾಗಿ, ವೇಗ ಹೆಚ್ಚಿಸಿದರೆ ಅಥವಾ ತಗ್ಗಿಸಿದರೆ ಕಡಿಮೆಯಾಗುವ ನಡುಕ: ಟೈರಿನ ತೂಕದ ಅಸಮತೋಲ, ಬಾಗಿದ ರಿಮ್ಮು, ಉಬ್ಬಿದ ಟೈರು.

2. ಗುಂಡಿ ಅಥವಾ ಉಬ್ಬು ದಾಟಿದ ಕೂಡಲೇ ಜೋರಾಗಿ ಆರಂಭವಾಗಿ, ವಾಹನ ನಿಧಾನವಾಗುವವರೆಗೂ ನಿಲ್ಲದ ನಡುಕ: ಕಿಂಗ್ ಪಿನ್, ಟೈ ರಾಡ್ ಎಂಡ್, ಬೆಲ್ ಕ್ರ್ಯಾಂಕ್ ಅಥವಾ ಹಬ್ ಬೇರಿಂಗಿನ ಸಡಿಲ, ಕ್ಯಾಸ್ಟರಿನ ವ್ಯತ್ಯಾಸ.

3. ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕ ಅಥವಾ ಎಳೆತ: ಬ್ರೇಕ್ ಡ್ರಮ್ಮಿನ ದೋಷ, ಒಂದು ಬದಿಯ ಬ್ರೇಕಿಗೆ ಎಣ್ಣೆ ಇಳಿದಿರುವುದು, ಸ್ಪ್ರಿಂಗಿನ ಯು ಬೋಲ್ಟ್ ಸಡಿಲ.

4. ನಡುಕವಿಲ್ಲ, ಆದರೆ ವಾಹನ ನೇರವಾಗಿ ಓಡದೆ ಅತ್ತಿತ್ತ ಅಲೆದಾಡುತ್ತದೆ: ಕೀಲುಗಳ ಅಥವಾ ಬಾಕ್ಸಿನ ಸವೆತ, ಟೋ ಇನ್ ತಪ್ಪಿರುವುದು, ಕ್ಯಾಸ್ಟರ್ ಸಾಲದಿರುವುದು.

5. ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ: ಬಾಕ್ಸು ಅತಿಯಾಗಿ ಬಿಗಿಯಾಗಿರುವುದು, ಕಿಂಗ್ ಪಿನ್ನಿಗೆ ಗ್ರೀಸ್ ಇಲ್ಲದಿರುವುದು.

ಇನ್ನೊಂದು ಅಂಶವನ್ನು ಮೊದಲೇ ನೋಡಿಕೊಳ್ಳಬೇಕು. ಜೀಪಿನ ಮುಂದಿನ ಆಕ್ಸಲ್ಲಿಗೆ ಶಕ್ತಿ ಕೊಡುವ ಲಿವರ್ ಹಾಕಿಕೊಂಡೇ ಒಣಗಿದ ಟಾರು ರಸ್ತೆಯಲ್ಲಿ ಓಡಿಸಿದರೆ ಸ್ಟೀರಿಂಗ್ ಭಾರವಾಗಿ, ತಿರುವುಗಳಲ್ಲಿ ಜಗ್ಗುತ್ತದೆ. ಅದು ದೋಷವಲ್ಲ, ಬಳಕೆಯ ತಪ್ಪು. ನಾಲ್ಕು ಚಕ್ರಗಳ ಶಕ್ತಿಯು ಕೆಸರು, ಮರಳು ಮತ್ತು ಸಡಿಲ ನೆಲಕ್ಕೆ ಮಾತ್ರ.

ಪರೀಕ್ಷಿಸುವ ಕ್ರಮ

ಸಮತಟ್ಟಾದ ಗಟ್ಟಿ ನೆಲ, ಒಂದು ಜಾಕ್, ಭದ್ರವಾದ ಸ್ಟ್ಯಾಂಡ್ ಅಥವಾ ಮರದ ದಿಮ್ಮಿಗಳು, ಸೀಮೆಸುಣ್ಣ, ಅಳತೆ ಪಟ್ಟಿ ಮತ್ತು ಸಹಾಯಕ್ಕೆ ಒಬ್ಬರು ಇದ್ದರೆ ಸಾಕು. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಬರೇ ಜಾಕಿನ ಮೇಲೆ ನಿಂತಿರುವ ವಾಹನದ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು.

ಮೊದಲ ಪರೀಕ್ಷೆ: ಚಕ್ರಗಳನ್ನು ನೇರಕ್ಕೆ ನಿಲ್ಲಿಸಿ, ಸ್ಟೀರಿಂಗನ್ನು ಬೆರಳುಗಳಿಂದ ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಬೇಕು. ರಸ್ತೆಯ ಚಕ್ರ ಅಲುಗಲು ತೊಡಗುವ ಮೊದಲು ಸ್ಟೀರಿಂಗಿನ ಅಂಚು ಎಷ್ಟು ದೂರ ಸರಿಯಿತೆಂದು ಅಳೆಯಬೇಕು. ಸುಮಾರು ಒಂದು ಅಂಗುಲದೊಳಗಿದ್ದರೆ ಒಳ್ಳೆಯದು. ಎರಡು ಅಂಗುಲ ದಾಟಿದ್ದರೆ ವಾಹನವನ್ನು ಘಾಟಿಗೆ ಒಯ್ಯತಕ್ಕದ್ದಲ್ಲ.

ಎರಡನೆಯ ಪರೀಕ್ಷೆ: ಟೈರುಗಳು ನೆಲದ ಮೇಲಿರುವಂತೆಯೇ ಸಹಾಯಕರು ಸ್ಟೀರಿಂಗನ್ನು ಅತ್ತಿತ್ತ ಆಡಿಸುತ್ತಿರಲಿ. ನೋಡುವವರು ಪಿಟ್‌ಮನ್ ಆರ್ಮಿನಿಂದ ತೊಡಗಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ಗಮನಿಸಬೇಕು. ಕೀಲಿನ ಒಂದು ಬದಿ ಅಲುಗಿ ಇನ್ನೊಂದು ಬದಿ ತಡವಾಗಿ ಅಲುಗಿದರೆ ಸಡಿಲ ಅಲ್ಲಿಯೇ ಇದೆ. ಕಣ್ಣಿಗೆ ಕಾಣದ ಸಡಿಲವು ಬೆರಳಿಗೆ ಗೊತ್ತಾಗುತ್ತದೆ. ಬಾಕ್ಸನ್ನು ಚಾಸಿಗೆ ಕೂರಿಸಿರುವ ಬೋಲ್ಟುಗಳನ್ನೂ, ಆ ಭಾಗದ ಚಾಸಿಯಲ್ಲಿ ಬಿರುಕಿದೆಯೇ ಎಂಬುದನ್ನೂ ಇದೇ ಸಮಯದಲ್ಲಿ ನೋಡಬೇಕು. ಮಣ್ಣು ಮತ್ತು ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆಯದೆ ಬಿರುಕು ಕಾಣಿಸುವುದಿಲ್ಲ.

ಮೂರನೆಯ ಪರೀಕ್ಷೆ: ಆಕ್ಸಲ್ಲನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಟೈರನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಬೇಕು. ಸಡಿಲ ಕಂಡರೆ ಸಹಾಯಕರು ಬ್ರೇಕ್ ಒತ್ತಲಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ದೋಷ ಹಬ್ ಬೇರಿಂಗಿನದು. ಉಳಿದರೆ ಕಿಂಗ್ ಪಿನ್ನಿನದು. ಬಳಿಕ ಟೈರನ್ನು ಎಡ ಬಲ ಅಂಚುಗಳಲ್ಲಿ ಹಿಡಿದು ಅಲುಗಿಸಬೇಕು. ಇಲ್ಲಿ ಕಾಣುವ ಸಡಿಲ ಸಾಮಾನ್ಯವಾಗಿ ಟೈ ರಾಡ್ ಎಂಡುಗಳದು.

ನಾಲ್ಕನೆಯ ಪರೀಕ್ಷೆ: ಚಕ್ರವನ್ನು ತಿರುಗಿಸಿ, ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣವನ್ನು ಕದಲದಂತೆ ಹಿಡಿಯಬೇಕು. ಸುತ್ತಲೂ ಸಮನಾಗಿ ಗೆರೆ ಬಿದ್ದರೆ ರಿಮ್ಮು ನೇರವಾಗಿದೆ. ಒಂದೇ ಕಡೆ ಬಿದ್ದರೆ ಬಾಗಿದೆ.

ದುರಸ್ತಿಯ ಕ್ರಮ

ಟೈರು ಮತ್ತು ರಿಮ್ಮು: ಮೊದಲು ರಿಮ್ಮಿನ ಒಳಬದಿಯನ್ನು ತೊಳೆಯಬೇಕು. ಯಳಂದೂರು, ಕೊಳ್ಳೇಗಾಲದ ಗದ್ದೆ ಬಯಲಿನಲ್ಲಿ ಓಡಾಡಿದ ಜೀಪಿನ ರಿಮ್ಮಿನಲ್ಲಿ ಒಂದು ಬದಿಗೆ ಅಂಟಿ ಒಣಗಿದ ಕೆಸರು ಮಾತ್ರವೇ ಚಕ್ರವನ್ನು ನಡುಗಿಸಲು ಸಾಕು. ಎರಡೂ ಮುಂದಿನ ಟೈರುಗಳು ಒಂದೇ ಅಳತೆ, ಒಂದೇ ಬಗೆ, ಬಹುಮಟ್ಟಿಗೆ ಒಂದೇ ಸವೆತದವು ಆಗಿರಬೇಕು. ಗಾಳಿಯ ಒತ್ತಡವನ್ನು ಮೀಟರಿನಿಂದ ಅಳೆದು ಎರಡೂ ಕಡೆ ಸಮ ಮಾಡಬೇಕು. ಮುಂದಿನ ಚಕ್ರಗಳನ್ನು ಹಿಂದಕ್ಕೆ ಬದಲಾಯಿಸಿ ಓಡಿಸಿದಾಗ ನಡುಕದ ಸ್ವರೂಪ ಬದಲಾದರೆ ದೋಷ ಚಕ್ರದಲ್ಲಿಯೇ ಇದೆ, ಬ್ಯಾಲೆನ್ಸಿಂಗ್ ಮಾಡಿಸಬೇಕು. ಅಂದಕ್ಕಾಗಿ ಹಾಕುವ ಅಗಲ ಟೈರುಗಳು ಹಾಗೂ ಚಕ್ರವನ್ನು ಹೊರಕ್ಕೆ ತಳ್ಳುವ ರಿಮ್ಮುಗಳು ಕಿಂಗ್ ಪಿನ್ ಮತ್ತು ಬೇರಿಂಗುಗಳ ಮೇಲಿನ ಹೊರೆಯನ್ನು ಹೆಚ್ಚಿಸುತ್ತವೆ. ಅವನ್ನು ಹಾಕಿಸಿದ ಮೇಲೆ ನಡುಕ ಆರಂಭವಾಗಿದ್ದರೆ ಹಳೆಯ ಅಳತೆಗೆ ಮರಳುವುದೇ ಪರಿಹಾರ. ಜೀಪಿಗೂ ಅನೇಕ ಟ್ರ್ಯಾಕ್ಟರುಗಳ ಮುಂದಿನ ಚಕ್ರಕ್ಕೂ 6.00-16 ಅಳತೆಯ ಟೈರು ಬರುತ್ತದೆ. ಆದರೆ ಟ್ರ್ಯಾಕ್ಟರಿನ ಏಣುಗೆರೆಯ ಟೈರನ್ನು ಜೀಪಿಗೆ ಹಾಕಬಾರದು. ಅದು ರಸ್ತೆಯ ವೇಗಕ್ಕಾಗಿ ಮಾಡಿದ್ದಲ್ಲ.

ಹಬ್ ಬೇರಿಂಗ್: ಬೇರಿಂಗನ್ನು ತೊಳೆದು ನೋಡಿ, ಗುಳಿ ಬಿದ್ದಿದ್ದರೆ ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಹೊಸದನ್ನು ಹಾಕಬೇಕು. ಹೊಸ ಗ್ರೀಸ್ ತುಂಬಿ, ಚಕ್ರವನ್ನು ತಿರುಗಿಸುತ್ತಲೇ ನಟ್ಟನ್ನು ಚಕ್ರ ಹಿಡಿಯುವವರೆಗೆ ಬಿಗಿದು, ಬಳಿಕ ಸುಮಾರು ಆರನೆಯ ಒಂದು ಸುತ್ತು ಸಡಿಲಿಸಿ, ಲಾಕ್ ವಾಷರ್ ಮತ್ತು ಎರಡನೆಯ ನಟ್ಟಿನಿಂದ ಭದ್ರಪಡಿಸಬೇಕು. ಚಕ್ರ ಸರಾಗವಾಗಿ ತಿರುಗಬೇಕು, ಅಲುಗಬಾರದು.

ಕಿಂಗ್ ಪಿನ್: ಜೀಪಿನ ನಡುಕಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ಹಳೆಯ ಜೀಪಿನಲ್ಲಿ ಕಿಂಗ್ ಪಿನ್ನಿನ ಮೇಲೆ ಕೆಳಗೆ ಬೇರಿಂಗುಗಳೂ, ಮುಚ್ಚಳದ ಅಡಿಯಲ್ಲಿ ಶಿಮ್ ಎಂಬ ತೆಳು ತಗಡುಗಳೂ ಇರುತ್ತವೆ. ಬೇರಿಂಗ್ ಚೆನ್ನಾಗಿದ್ದು ಸಡಿಲ ಮಾತ್ರ ಬಂದಿದ್ದರೆ ಶಿಮ್ ತೆಗೆದು ಬಿಗಿ ತರಬಹುದು. ಮೇಲೂ ಕೆಳಗೂ ಶಿಮ್ ಇರುವ ಮಾದರಿಗಳಲ್ಲಿ ಎರಡೂ ಕಡೆ ಸಮನಾಗಿ ತೆಗೆಯಬೇಕು. ಟೈ ರಾಡನ್ನು ಬಿಚ್ಚಿ, ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಆ ಮಾದರಿಯ ಕೈಪಿಡಿಯಲ್ಲಿ ಹೇಳಿದ ಬಿಗಿ ಬಂದಿದೆಯೇ ಎಂದು ನೋಡಬೇಕು. ತೂಗುಬಿಟ್ಟಂತೆ ತಾನಾಗಿ ತಿರುಗಿದರೆ ಬಿಗಿ ಸಾಲದು. ಇಲ್ಲಿರಬೇಕಾದ ಈ ಚಿಕ್ಕ ಬಿಗಿಯೇ ನಡುಕವನ್ನು ನುಂಗುವ ಶಕ್ತಿ. ಹಳ್ಳ ದಾಟುವ ಜೀಪುಗಳಲ್ಲಿ ನೀರು ಮತ್ತು ಮರಳು ಒಳಸೇರಿ ಬೇರಿಂಗು ಬೇಗ ಕೆಡುತ್ತದೆ. ಆದ್ದರಿಂದ ಸೀಲುಗಳನ್ನು ಕಾಲಕಾಲಕ್ಕೆ ಬದಲಾಯಿಸತಕ್ಕದ್ದು.

ಟೈ ರಾಡ್ ಎಂಡ್ ಮತ್ತು ಬೆಲ್ ಕ್ರ್ಯಾಂಕ್: ಸವೆದ ಎಂಡನ್ನು ಬಡಿದು ಬಿಗಿ ಮಾಡುವುದು, ಒಳಗೆ ತಗಡು ತುರುಕುವುದು, ಬೆಸುಗೆ ಹಾಕುವುದು ಅತ್ಯಂತ ಅಪಾಯಕರ. ಹೊಸದನ್ನೇ ಹಾಕಿ, ನಟ್ಟಿಗೆ ಹೊಸ ಕಾಟರ್ ಪಿನ್ ತೊಡಿಸಬೇಕು. ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಇರುವುದನ್ನು ಕೊಳ್ಳುವಾಗ ಗಮನಿಸಬೇಕು. ಬೆಲ್ ಕ್ರ್ಯಾಂಕ್ ಇರುವ ಜೀಪಿನಲ್ಲಿ ಅದರ ಪಿನ್ನು ಮತ್ತು ಬೇರಿಂಗುಗಳನ್ನು ಒಟ್ಟಿಗೇ ಬದಲಾಯಿಸುವುದು ಲೇಸು.

ಸ್ಪ್ರಿಂಗು ಮತ್ತು ಕ್ಯಾಸ್ಟರ್: ಯು ಬೋಲ್ಟು, ನಡುವಿನ ಬೋಲ್ಟು, ಶ್ಯಾಕಲ್ ಬುಷ್‌ಗಳನ್ನು ನೋಡಬೇಕು. ಸ್ಪ್ರಿಂಗ್ ಪಟ್ಟಿ ಕುಸಿದರೆ ಅಥವಾ ಜೀಪನ್ನು ಎತ್ತರಿಸಲು ಪಟ್ಟಿ ಸೇರಿಸಿದ್ದರೆ, ಉದ್ದನೆಯ ಶ್ಯಾಕಲ್ ಹಾಕಿದ್ದರೆ, ಆಕ್ಸಲ್ಲಿನ ವಾಲಿಕೆ ಬದಲಾಗಿ ಕ್ಯಾಸ್ಟರ್ ಕೆಡುತ್ತದೆ. ಅಲೈನ್‌ಮೆಂಟ್ ಯಂತ್ರವಿರುವ ಕಡೆ ಅಳೆಸಿ, ಅವಶ್ಯವಿದ್ದರೆ ಸ್ಪ್ರಿಂಗು ಮತ್ತು ಆಕ್ಸಲ್ಲಿನ ನಡುವೆ ಬೆಣೆಯಾಕಾರದ ಶಿಮ್ ಕೂರಿಸಿ ಸರಿಪಡಿಸಬೇಕು.

ಟೋ ಇನ್: ಕೀಲುಗಳೆಲ್ಲ ಸರಿಯಾದ ಮೇಲೆ ಇದನ್ನು ಹೊಂದಿಸಬೇಕು. ಯಂತ್ರವಿಲ್ಲದಿದ್ದರೂ ಅಳೆಯಬಹುದು. ಜೀಪನ್ನು ನೇರಕ್ಕೆ ಕೆಲವು ಅಡಿ ಮುಂದೆ ತಳ್ಳಿ ನಿಲ್ಲಿಸಿ, ಎರಡೂ ಮುಂದಿನ ಟೈರುಗಳ ಹಿಂಬದಿಯಲ್ಲಿ, ಹಬ್ಬಿನ ಎತ್ತರಕ್ಕೆ, ನಡುಗೆರೆಯ ಮೇಲೆ ಗುರುತು ಹಾಕಬೇಕು. ಗಾರೆಯವರ ತೂಗುಗುಂಡಿನಿಂದ ಆ ಗುರುತುಗಳನ್ನು ನೆಲಕ್ಕಿಳಿಸಿ, ಅವುಗಳ ನಡುವಿನ ಅಂತರವನ್ನು ಅಳೆಯಬೇಕು. ಬಳಿಕ ಚಕ್ರ ಅರ್ಧ ಸುತ್ತು ಉರುಳಿ ಅದೇ ಗುರುತುಗಳು ಮುಂಬದಿಗೆ ಬರುವಂತೆ ಜೀಪನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಬೇಕು. ಮುಂಬದಿಯ ಅಳತೆ ಎಷ್ಟು ಕಡಿಮೆಯಿದೆಯೋ ಅಷ್ಟು ಟೋ ಇನ್. ಅದೇ ಗುರುತುಗಳನ್ನು ಎರಡು ಸಲವೂ ಬಳಸುವುದರಿಂದ ರಿಮ್ಮು ಸ್ವಲ್ಪ ಬಾಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಟೈರಿನ ಮೈ ಸವರಿದಾಗ ಗರಿಯಂತೆ ಒಂದು ದಿಕ್ಕಿಗೆ ಚೂಪಾಗಿದ್ದರೆ ಟೋ ಇನ್ ತಪ್ಪಿದೆಯೆಂದೂ, ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾಗಿದ್ದರೆ ಕೀಲುಗಳು ಸಡಿಲವೆಂದೂ ತಿಳಿಯಬಹುದು.

ಸ್ಟೀರಿಂಗ್ ಬಾಕ್ಸ್: ಇದು ಕೊನೆಯದು. ಎಣ್ಣೆಯ ಮಟ್ಟ ನೋಡಿ, ಡ್ರ್ಯಾಗ್ ಲಿಂಕನ್ನು ಬಿಚ್ಚಿ, ಬಾಕ್ಸು ನೇರದ ಸ್ಥಿತಿಯಲ್ಲಿರುವಾಗ ಹೊಂದಿಸಬೇಕು. ಹೊಂದಿಸಿದ ಮೇಲೆ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿದರೆ ಎಲ್ಲಿಯೂ ಹಿಡಿಯಬಾರದು. ಬಾಕ್ಸು ಹೆಚ್ಚಾಗಿ ಸವೆಯುವುದು ನಡುಭಾಗದಲ್ಲಿ. ಆ ಸವೆತವನ್ನು ಮುಚ್ಚಲು ಸ್ಕ್ರೂವನ್ನು ಅತಿಯಾಗಿ ಬಿಗಿದರೆ ತಿರುವಿನ ಕೊನೆಯಲ್ಲಿ ಸ್ಟೀರಿಂಗ್ ಕಚ್ಚಿಕೊಂಡು ಮರಳದೆ ಉಳಿಯುತ್ತದೆ. ಹಿಮ್ಮುರಿ ತಿರುವಿನಲ್ಲಿ ಇದರಷ್ಟು ಅಪಾಯ ಬೇರಿಲ್ಲ.

ಸ್ಟೀರಿಂಗ್ ಸುಧಾರಣೆ

ಮೇಲಿನ ಕೆಲಸಗಳಿಂದ ನಡುಕ ನಿಂತ ಮೇಲೆ ಸ್ಟೀರಿಂಗನ್ನು ಹಗುರ ಮಾಡುವ ವಿಚಾರ ಮಾಡಬಹುದು. ಹಳೆಯ ಬಾಕ್ಸನ್ನೇ ಹೊಸ ಭಾಗಗಳಿಂದ ಸರಿಪಡಿಸುವುದು ಮೊದಲ ದಾರಿ. ಒಳಗೆ ಗುಂಡುಗಳು ಉರುಳುವ ಬಗೆಯ, ನಂತರದ ಮಾದರಿಯ ಬಾಕ್ಸನ್ನು ಕೂರಿಸುವುದು ಎರಡನೆಯದು. ಇದರಲ್ಲಿ ಘರ್ಷಣೆ ಕಡಿಮೆ, ಬಾಳಿಕೆ ಹೆಚ್ಚು. ಎಂಜಿನ್ನಿನಿಂದ ಪಂಪು ನಡೆಯುವ ಪವರ್ ಸ್ಟೀರಿಂಗ್ ಮೂರನೆಯದು.

ಸವೆದ ಕೀಲುಗಳಿರುವ ಜೀಪಿಗೆ ಪವರ್ ಸ್ಟೀರಿಂಗ್ ಹಾಕಿಸಿದರೆ ನಡುಕ ಕೈಗೆ ತಿಳಿಯುವುದು ಕಡಿಮೆಯಾಗುತ್ತದೆ. ದೋಷ ಹಾಗೆಯೇ ಉಳಿಯುತ್ತದೆ. ಮೇಲಾಗಿ ಪಂಪಿನ ಬಲವು ನಿಂತಲ್ಲಿಯೇ ಚಕ್ರವನ್ನು ಕಲ್ಲಿಗೆ ಒತ್ತಿ ತಿರುಗಿಸುವುದರಿಂದ ಸವೆದ ಕೀಲಿನ ಮೇಲೆ ಹಿಂದಿಗಿಂತ ಹೆಚ್ಚು ಬಲ ಬೀಳುತ್ತದೆ. ಎಚ್ಚರಿಕೆ ಕೊಡುತ್ತಿದ್ದ ನಡುಕ ಅಡಗಿ, ಕೀಲು ಮುರಿಯುವ ದಿನ ಮಾತ್ರ ದೋಷ ಗೊತ್ತಾಗುತ್ತದೆ. ಸ್ಟೀರಿಂಗ್ ಡ್ಯಾಂಪರ್ ಎಂಬ ಎಣ್ಣೆ ತುಂಬಿದ ಕೊಳವೆಗೂ ಇದೇ ಮಾತು ಸಲ್ಲುತ್ತದೆ. ಸರಿಯಾದ ವಾಹನಕ್ಕೆ ಅದು ನೆರವು. ಸವೆದ ವಾಹನಕ್ಕೆ ಮುಸುಕು.

ಬಾಕ್ಸು ಬದಲಾಯಿಸುವಾಗ ಈ ಅಂಶಗಳನ್ನು ಪಾಲಿಸಬೇಕು.

- ಬಾಕ್ಸು ಕೂರುವ ಜಾಗದ ಚಾಸಿಗೆ ದಪ್ಪ ತಗಡಿನ ಬಲ ಕೊಡಬೇಕು. ಸ್ಟೀರಿಂಗ್ ತಿರುಗಿಸಿದಾಗ ಚಾಸಿ ಬಳುಕಬಾರದು.
- ಪಿಟ್‌ಮನ್ ಆರ್ಮಿನ ಉದ್ದ ಹಾಗೂ ಅದು ತಿರುಗುವ ದಿಕ್ಕು ಸರಿಯಿರಬೇಕು. ಬಾಕ್ಸನ್ನು ತಿರುವಿ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಚಕ್ರ ಎಡಕ್ಕೆ ತಿರುಗುವ ಸಂಭವವಿದೆ.
- ಡ್ರ್ಯಾಗ್ ಲಿಂಕ್ ಹೆಚ್ಚು ಓರೆಯಾದರೆ ಗುಂಡಿಯಲ್ಲಿ ಸ್ಪ್ರಿಂಗು ಕುಗ್ಗಿದಾಗಲೆಲ್ಲ ಚಕ್ರ ತಾನಾಗಿ ತಿರುಗುತ್ತದೆ. ಮೂಲದ ಓರೆಯನ್ನು ಉಳಿಸಿಕೊಳ್ಳಬೇಕು.
- ತೋಳು, ಟೈ ರಾಡ್, ಪಿಟ್‌ಮನ್ ಆರ್ಮುಗಳನ್ನು ಕತ್ತರಿಸಿ ಬೆಸುಗೆ ಹಾಕಿಸಕೂಡದು. ಕಾಯಿಸಿ ಬಾಗಿಸಲೂ ಕೂಡದು.
- ಚಕ್ರ ಎರಡೂ ಕೊನೆಗೆ ತಿರುಗಿದಾಗ, ಸ್ಪ್ರಿಂಗು ಪೂರ್ತಿ ಕುಗ್ಗಿದಾಗ, ಕೊಳವೆ, ಟೈರು, ಸರಳು ಯಾವುದೂ ಒಂದಕ್ಕೊಂದು ತಾಗಬಾರದು.

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ವಾಹನದಲ್ಲಿ ಮಾಡುವ ಮಾರ್ಪಾಟುಗಳನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲೇ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಚೇರಿಯಲ್ಲಿಯೂ ವಿಚಾರಿಸಿಕೊಳ್ಳುವುದು ಕ್ಷೇಮ. 15 ವರ್ಷ ಮೀರಿದ ಜೀಪಿನ ನೋಂದಣಿಯನ್ನು ನವೀಕರಿಸುವಾಗ ವಾಹನದ ತಪಾಸಣೆ ನಡೆಯುತ್ತದೆ ಎಂಬುದನ್ನೂ ನೆನಪಿಡಬೇಕು.

ಟ್ರ್ಯಾಕ್ಟರುಗಳಿಗೆ ಅನ್ವಯಿಸುವ ಅಂಶಗಳು

ಹಳೆಯ ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ನಡುಕಕ್ಕೂ ಇದೇ ಕ್ರಮ ಹೊಂದುತ್ತದೆ. ಹೆಚ್ಚಿನದಾಗಿ, ಮುಂದಿನ ಆಕ್ಸಲ್ಲು ಏರಿಳಿಯುವ ನಡುಪಿನ್ನು ಮತ್ತು ಅದರ ಬುಷ್‌ಗಳನ್ನು ನೋಡಬೇಕು. ಸಾಲಿನ ಅಂತರಕ್ಕೆ ತಕ್ಕಂತೆ ಮುಂದಿನ ಚಕ್ರಗಳ ಅಗಲವನ್ನು ಬದಲಾಯಿಸಿದಾಗಲೆಲ್ಲ ಟೈ ರಾಡುಗಳನ್ನು ಎರಡೂ ಕಡೆ ಸಮನಾಗಿ ಹೊಂದಿಸಿ ಟೋ ಇನ್ ಅಳೆಯಬೇಕು.

ಕಬ್ಬಿನ ಟ್ರೈಲರ್ ಎಳೆಯುವಾಗ ಹಿಂಬದಿಯ ಕೊಂಡಿಯ ಮೇಲೆ ಅತಿಭಾರ ಬಿದ್ದರೆ ಮುಂದಿನ ಚಕ್ರಗಳು ನೆಲವನ್ನು ಸರಿಯಾಗಿ ಒತ್ತುವುದಿಲ್ಲ. ಆಗ ಎಷ್ಟೇ ಒಳ್ಳೆಯ ಸ್ಟೀರಿಂಗ್ ಇದ್ದರೂ ಟ್ರ್ಯಾಕ್ಟರು ಮಾತು ಕೇಳುವುದಿಲ್ಲ. ಹೊರೆ ಕಡಿಮೆ ಮಾಡಿ, ಮುಂಭಾಗಕ್ಕೆ ತಯಾರಕರ ತೂಕಗಳನ್ನು ಹಾಕಬೇಕು. ರಸ್ತೆಯಲ್ಲಿ ಎಡ ಬಲ ಬ್ರೇಕ್ ಪೆಡಲುಗಳನ್ನು ಕೂಡಿಸಿ ಲಾಕ್ ಮಾಡಿರಬೇಕು.

ಎಂಜಿನ್ ನಿಂತಾಗ ಏನಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು. ಜೀಪಿನ ಸಾಮಾನ್ಯ ಪವರ್ ಸ್ಟೀರಿಂಗಿನಲ್ಲಿ ನೆರವು ನಿಂತು ಸ್ಟೀರಿಂಗ್ ಭಾರವಾಗುತ್ತದೆ. ಆದರೆ ಕಬ್ಬಿಣದ ಸಂಪರ್ಕ ಉಳಿದಿರುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿರುವ ಹೈಡ್ರೋಸ್ಟ್ಯಾಟಿಕ್ ಸ್ಟೀರಿಂಗಿನಲ್ಲಿ ಕೈಯಿಂದ ಚಕ್ರಕ್ಕೆ ಎಣ್ಣೆಯ ಸಂಪರ್ಕ ಮಾತ್ರ. ಎಂಜಿನ್ ನಿಂತರೆ ಎಣ್ಣೆಯನ್ನು ಕೈಯಿಂದಲೇ ತಳ್ಳಬೇಕಾಗುತ್ತದೆ. ಅದು ಬಹಳ ಭಾರ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುವುದು ಅಥವಾ ಗೇರು ತಪ್ಪಿಸುವುದು ಪ್ರಾಣಕ್ಕೆ ಎರವಾಗುತ್ತದೆ.

ದುರಸ್ತಿಯ ನಂತರ

ದುರಸ್ತಿಯಾದ ಜೀಪನ್ನು ಮೊದಲು ಜಮೀನಿನ ದಾರಿಯಲ್ಲಿ ನಿಧಾನವಾಗಿ, ಬಳಿಕ ನೇರವಾದ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಬೇಕು. ಸುಮಾರು 50 ಕಿ.ಮೀ. ಓಡಿದ ಮೇಲೆ ಯು ಬೋಲ್ಟು, ಚಕ್ರದ ನಟ್ಟು, ಬಾಕ್ಸಿನ ಬೋಲ್ಟುಗಳನ್ನು ಮತ್ತೆ ಬಿಗಿದು, ಕಾಟರ್ ಪಿನ್ನುಗಳನ್ನು ನೋಡಬೇಕು. 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಅನಂತರವೇ ಘಾಟಿಯ ರಸ್ತೆ.

ಓಡುವಾಗ ನಡುಕ ಆರಂಭವಾದರೆ ಬ್ರೇಕನ್ನು ಒಮ್ಮೆಲೇ ಒತ್ತಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ಎರಡು ಕೈಗಳಿಂದ ಭದ್ರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು, ಬ್ರೇಕನ್ನು ಮೆಲ್ಲಗೆ ಬಳಸಿ ಪಕ್ಕಕ್ಕೆ ನಿಲ್ಲಿಸಬೇಕು. ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗಳೊಳಗೆ ಸಿಕ್ಕಿಸಿಕೊಳ್ಳಬಾರದು. ಚಕ್ರ ಒದ್ದಾಗ ಬೆರಳು ಮುರಿಯುತ್ತದೆ.

ಶಿವರಾತ್ರಿ, ಯುಗಾದಿ ಮತ್ತು ದೀಪಾವಳಿಯ ಜಾತ್ರೆಗಳ ಸಮಯದಲ್ಲಿ ಬೆಟ್ಟದ ರಸ್ತೆಯಲ್ಲಿ ವಾಹನಗಳ ಜೊತೆಗೆ ನಡೆದು ಹೋಗುವ ಭಕ್ತರೂ ಹೆಚ್ಚು. ಅಲ್ಲಿ ಹತೋಟಿ ತಪ್ಪಿದ ವಾಹನವು ತನ್ನ ಒಡೆಯನನ್ನು ಮಾತ್ರ ಅಪಾಯಕ್ಕೆ ಒಡ್ಡುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಈ ಜಾತ್ರೆಗಳಿಗೆ ಮುಂಚೆ, ಹಾಗೂ ಕಬ್ಬು ಸಾಗಣೆ ಆರಂಭವಾಗುವ ಮುನ್ನ, ಊರಿನ ಮೆಕ್ಯಾನಿಕರ ನೆರವಿನಿಂದ ಅರ್ಧ ದಿನದ ತಪಾಸಣೆ ಏರ್ಪಡಿಸಬಹುದು. ಮೇಲೆ ಹೇಳಿದ ನಾಲ್ಕು ಪರೀಕ್ಷೆಗಳಿಗೆ ಬೆಲೆಬಾಳುವ ಉಪಕರಣ ಬೇಡ. ಯಾವ ಕೀಲು ಸವೆದಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ರೈತರು ಬೇಡದ ಭಾಗಕ್ಕೆ ಹಣ ತೆರುವುದು ತಪ್ಪುತ್ತದೆ. ಬೇಕಾದ ಭಾಗವನ್ನು ತಡಮಾಡದೆ ಹಾಕಿಸಿಕೊಳ್ಳುತ್ತಾರೆ.